ಮನೆಯ ಹಿಂದೆ ಕಾರು ಕಟ್ಟುವ ಮುನ್ನ

ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೊರಟ ರೈತ ಹಸುವನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವುದು ಮೈಸೂರು ಸೀಮೆಯ ಹಿರಿಯರು ಕಂಡುಂಡ ನೋಟ. ಗಾಡಿ ನಿಧಾನವಾದರೆ ಹಸುವೂ ನಿಧಾನ. ಇಳಿಜಾರು ಬಂದರೆ ಅದೇ ಕಾಲೂರಿ ಎಚ್ಚರ ವಹಿಸುತ್ತದೆ. ಅಮೆರಿಕದ ಹೆದ್ದಾರಿಯಲ್ಲಿ ಬಸ್ಸಿನಷ್ಟು ದೊಡ್ಡದಾದ ಮೋಟರ್ ಹೋಮ್ ತನ್ನ ಬೆನ್ನಿಗೆ ಪುಟ್ಟ ಕಾರೊಂದನ್ನು ಕಟ್ಟಿಕೊಂಡು ಓಡುವುದನ್ನು ಕಂಡವರಿಗೆ ಈ ಗಾಡಿಯೇ ನೆನಪಾದೀತು. ಆದರೆ ಕಾರಿಗೆ ಹಸುವಿನ ಬುದ್ಧಿ ಇಲ್ಲ. ತೊಡಕುಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಹಾಸಿಗೆ, ಒಲೆ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ಈ ವಾಹನ ನಮ್ಮಲ್ಲಿ ಕ್ಯಾರವಾನ್ ಎಂದು ಪರಿಚಿತ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದ ಮೈಸೂರಿನ ನಿವೃತ್ತ ದಂಪತಿಯೊಂದು ಅಂಥ ವಾಹನ ಕೊಳ್ಳಲು ಮನಸ್ಸು ಮಾಡಿದೆ ಎನ್ನಿ. ಕ್ಯಾರವಾನನ್ನು ಊರ ಹೊರಗೆ ನಿಲ್ಲಿಸಿ, ಸೊಪ್ಪು ತರಕಾರಿಗೆ, ದೇವಸ್ಥಾನಕ್ಕೆ ಓಡಾಡಲು ಸಣ್ಣ ಕಾರು ಜತೆಗಿದ್ದರೆ ಎಷ್ಟು ಚೆನ್ನ! ಹಾಗಾದರೆ ಯಾವ ಕಾರು?

ಅಮೆರಿಕದಲ್ಲಿ ಈ ಪ್ರಶ್ನೆಗೆ ಮೊದಲ ಉತ್ತರ ಗೇರುಪೆಟ್ಟಿಗೆಯಲ್ಲಿದೆ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಕಾರನ್ನು ಎಳೆದರೆ, ಎಂಜಿನ್ ಆರಿಸಿದ್ದರೂ ಚಕ್ರದೊಡನೆ ಗೇರುಪೆಟ್ಟಿಗೆಯ ಕೆಲವು ಭಾಗಗಳು ತಿರುಗುತ್ತಲೇ ಇರುತ್ತವೆ. ಸಾಮಾನ್ಯ ಆಟೊಮ್ಯಾಟಿಕ್ ಕಾರಿನಲ್ಲಿ ಗೇರಿಗೆ ಎಣ್ಣೆ ಹರಿಸುವ ಪಂಪು ನಡೆಯುವುದು ಎಂಜಿನ್ನಿನ ಬಲದಿಂದ. ಎಂಜಿನ್ ನಿಂತರೆ ಎಣ್ಣೆಯೂ ನಿಂತಿತು. ಹೀಗೆ ನೂರಾರು ಕಿಲೊಮೀಟರ್ ಎಳೆದರೆ ಗೇರು ಸುಟ್ಟುಹೋಗುವುದೇ ಸೈ. ಕೈಗೇರಿನ ಎಷ್ಟೋ ಕಾರುಗಳನ್ನು ನ್ಯೂಟ್ರಲ್‌ನಲ್ಲಿಟ್ಟು ಎಳೆಯಬಹುದು, ಎಲ್ಲವನ್ನೂ ಅಲ್ಲ. ತಯಾರಕರು ಕೊಟ್ಟ ಕೈಪಿಡಿಯ ಮಾತೇ ಇಲ್ಲಿ ಕೊನೆಯ ಮಾತು.

ಎರಡನೆಯದು ತೂಕ. ಹಗುರವಾದ, ನಾಲ್ಕು ಚಕ್ರಗಳಿಗೂ ಬಲ ಹಾಯುವ ಸುಜುಕಿ ಸಮುರಾಯ್ ಅಲ್ಲಿ ಈ ಕೆಲಸಕ್ಕೆ ಹೆಸರಾಗಿತ್ತು. ನಮ್ಮ ಮಾರುತಿ ಜಿಪ್ಸಿ ಅದೇ ಬಳಗದ್ದು. ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆಯನ್ನೇ ನ್ಯೂಟ್ರಲ್‌ಗೆ ತಳ್ಳಿದರೆ ಗೇರುಪೆಟ್ಟಿಗೆಗೆ ಪೂರ್ತಿ ವಿಶ್ರಾಂತಿ. ಇದೇ ಅದರ ಗುಟ್ಟು.

ಮೂರನೆಯದು ಬ್ರೇಕು. ಮುಂದಿನ ವಾಹನ ನಿಂತರೂ ಹಿಂದಿನ ಕಾರು ನಿಲ್ಲಲೊಲ್ಲದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಆದ್ದರಿಂದ ಕಾರಿನ ಬ್ರೇಕನ್ನು ತಾನಾಗಿ ಒತ್ತುವ ಸಾಧನವೊಂದನ್ನು ಕೂಡಿಸುತ್ತಾರೆ. ಮುಂದಿನ ವಾಹನದ ಜತೆಗೇ ಹಿಂದಿನ ಕಾರಿನ ದೀಪಗಳೂ ಉರಿಯಬೇಕು. ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಉಳಿದೇ ಇರುತ್ತದೆ: ಹೀಗೆ ಕಟ್ಟಿದ ಕಾರನ್ನು ಹಿಮ್ಮುಖವಾಗಿ ತಳ್ಳುವಂತಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕಾದರೂ ಕೊಂಡಿ ಕಳಚಲೇಬೇಕು.

ಇನ್ನು ಮೈಸೂರಿಗೆ ಬರೋಣ. ಇಲ್ಲಿ ಮೊದಲು ಕೇಳಬೇಕಾದದ್ದು ಯಾವ ಕಾರು ಎಂದಲ್ಲ, ಎಳೆಯಬಹುದೇ ಎಂದು. 1989ರ ರಸ್ತೆ ನಿಯಮಾವಳಿ ಕೆಟ್ಟುನಿಂತ ವಾಹನ, ಪೂರ್ತಿ ಜೋಡಣೆಯಾಗದ ವಾಹನ, ನೋಂದಾಯಿತ ಟ್ರೇಲರ್, ಸೈಡ್ ಕಾರ್ ಇವನ್ನು ಬಿಟ್ಟು ಬೇರೆ ವಾಹನವನ್ನು ಎಳೆದೊಯ್ಯಲು ಒಪ್ಪಿರಲಿಲ್ಲ. ಕೆಟ್ಟ ಕಾರನ್ನು ಎಳೆಯುವಾಗಲೂ ಅದರ ಸ್ಟೀರಿಂಗ್ ಹಿಡಿಯಲು ಲೈಸೆನ್ಸ್ ಇದ್ದವರೊಬ್ಬರು ಕೂರಬೇಕು, ಇಲ್ಲವೇ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿರಬೇಕು. ವೇಗ ಗಂಟೆಗೆ 24 ಕಿ.ಮೀ. ಮೀರಬಾರದು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ದಾಟಬಾರದು. 2017ರಲ್ಲಿ ಇದರ ಜಾಗಕ್ಕೆ ಬಂದ ಹೊಸ ನಿಯಮಾವಳಿ ಹಿಡಿದದ್ದೂ ಇದೇ ಜಾಡನ್ನು.

ಆ ವೇಗದಲ್ಲಿ ಮೈಸೂರಿನಿಂದ ಮಡಿಕೇರಿಯ ಸುಮಾರು 120 ಕಿ.ಮೀ. ಸಾಗಲು ಐದು ಗಂಟೆ ಬೇಕು! ಸುಸ್ಥಿತಿಯಲ್ಲಿರುವ ಕಾರನ್ನು ವಿಹಾರಕ್ಕೆಂದು ಎಳೆಯುವುದು ನಮ್ಮ ಕಾನೂನಿನ ಕಲ್ಪನೆಯಲ್ಲೇ ಇಲ್ಲ. ರಸ್ತೆಯೂ ಅದಕ್ಕೆ ಹೊಂದುವಂಥದ್ದಲ್ಲ. ವಯನಾಡು ದಾಟಿ ಕೋಳಿಕ್ಕೋಡಿಗೆ ಇಳಿಯುವ ತಾಮರಶ್ಶೇರಿ ಘಾಟಿಯ 9 ಕಡಿದಾದ ತಿರುವುಗಳಲ್ಲಿ ಎದುರಿಗೆ ಲಾರಿ ಬಂದರೆ ಹಿಂದೆ ಸರಿಯಲಾಗದ ಜೋಡಿ ವಾಹನದ ಗತಿಯೇನು?

ಹಾಗೆಂದು ಆಸೆಯನ್ನೇ ಬಿಡಬೇಕಾಗಿಲ್ಲ. ಮನೆಯಲ್ಲಿ ಇಬ್ಬರಿಗೆ ಲೈಸೆನ್ಸ್ ಇದ್ದರೆ ಒಬ್ಬರು ಕ್ಯಾರವಾನ್, ಇನ್ನೊಬ್ಬರು ಕಾರು ಓಡಿಸಿಕೊಂಡು ಹೋಗುವುದು ನೇರ ದಾರಿ. ಆಗ ಆಟೊಮ್ಯಾಟಿಕ್ ಆದರೇನು, ಕೈಗೇರಾದರೇನು? ಇರುವ ಕಾರೇ ಸಾಕು. ಆದರೆ ಬಂಡೀಪುರದ ಕಾಡಿನಲ್ಲಿ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ಮುಂದಿನವರು ದಾಟಿ ಹಿಂದಿನವರು ಚೆಕ್‌ಪೋಸ್ಟಿನಲ್ಲಿ ಉಳಿದರೆ ಹಾಸಿಗೆ ಒಂದು ಕಡೆ, ಮಲಗುವವರು ಇನ್ನೊಂದು ಕಡೆ! ಹಗಲಿನಲ್ಲೇ ಒಟ್ಟಿಗೆ ದಾಟುವುದು ಜಾಣತನ.

ಚಾಲಕರು ಒಬ್ಬರೇ ಆದರೆ ಕಾರಿನ ಯೋಚನೆ ಬಿಟ್ಟು, ಕ್ಯಾರವಾನ್ ಕೊಳ್ಳುವಾಗಲೇ ಉದ್ದ ಕಡಿಮೆ ಇರುವುದನ್ನು ಆರಿಸಬೇಕು. ಮೈಸೂರಿನಲ್ಲಂತೂ ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಕಾರು ನಿಲ್ಲಿಸುವುದಕ್ಕಿಂತ ಆಟೊ ಹಿಡಿಯುವುದೇ ಸಲೀಸು. ಟಾಂಗಾ ಹತ್ತಿದರೆ ಮೊಮ್ಮಕ್ಕಳಿಗೂ ಖುಷಿ.

ಅಮೆರಿಕದಲ್ಲೇ ಮೋಟರ್ ಹೋಮ್ ಬಾಡಿಗೆಗೆ ಹಿಡಿಯುವವರಿಗೂ ಒಂದು ಮಾತು. ಬಾಡಿಗೆಗೆ ಕೊಡುವ ಹಲವರು ಹಿಂದೆ ಕಾರು ಕಟ್ಟಲು ಬಿಡುವುದಿಲ್ಲ. ಕರಾರು ಪತ್ರವನ್ನು ಮೊದಲೇ ಓದಿಕೊಳ್ಳಬೇಕು.

ಕೊಂಡಿ, ಬ್ರೇಕು, ತಂತಿ ಎಂದು ಹಣ ಸುರಿದ ಮೇಲೆ ನಿಯಮ ತಿಳಿದರೆ ಪರಿತಾಪ ತಪ್ಪದು. ಗಾಡಿಗೆ ಹಸು ಕಟ್ಟುವ ಮೊದಲು ರೈತ ಹಗ್ಗವನ್ನೊಮ್ಮೆ ಎಳೆದು ನೋಡುತ್ತಾನೆ. ಕಾರು ಕಟ್ಟಲು ಹೊರಟವರಿಗೆ ಕಾನೂನೇ ಆ ಹಗ್ಗ.