ಸ್ಕೂಲು ಬಿಟ್ಟ ಮೇಲೆ ಸ್ಪ್ಯಾನರ್ ಹಿಡಿಯೋದೆಲ್ಲಿ?

ಸಂಜೆ ಐದರ ಮೇಲೆ ಕುರುಬರಹಳ್ಳಿ ಸರ್ಕಲ್ಲಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬೆನ್ನಿಗೆ ಬ್ಯಾಗು ಏರಿಸಿದ ಹುಡುಗ ಹುಡುಗಿಯರು ಒಂದು ಟ್ಯೂಷನ್‌ನಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಮಕ್ಕಳು ಇಂಜಿನಿಯರ್ ಆಗಬೇಕೆಂಬುದು ಮಹಾಲಕ್ಷ್ಮಿ ಲೇಔಟಿನ ಎಷ್ಟೋ ಮನೆಗಳ ಆಸೆ. ತಪ್ಪೇನಿಲ್ಲ. ಆದರೆ ಈ ಭಾವೀ ಇಂಜಿನಿಯರುಗಳಲ್ಲಿ ಮಿಕ್ಸಿ ಬಿಚ್ಚಿ ನೋಡಿದವರೆಷ್ಟು? ಇಸ್ತ್ರಿ ಪೆಟ್ಟಿಗೆಯ ವೈರು ಬದಲಾಯಿಸಲು ಬಲ್ಲವರೆಷ್ಟು?

ತಮಾಷೆಯೆಂದರೆ, ಇದು ನಡೆಯುತ್ತಿರುವುದು ಯಂತ್ರಗಳ ನಡುವೆಯೇ. ಲೇಔಟಿನ ಪಕ್ಕದಲ್ಲೇ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು. ಮೆಟ್ರೋ ಹತ್ತಿದರೆ ಪೀಣ್ಯ. ಎಸ್ಟೇಟಿನಲ್ಲೇ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಟೂಲ್ ಅಂಡ್ ಡೈ ಕಲಿಸುವುದರಲ್ಲಿ ಒಳ್ಳೆ ಹೆಸರು. ಆದರೆ ಅಲ್ಲಿನ ಡಿಪ್ಲೊಮಾಗೆ ಸೇರಲು ಎಸ್ಸೆಸ್ಸೆಲ್ಸಿ ಮುಗಿಸಿರಬೇಕು. ಏಳನೇ ಕ್ಲಾಸಿನ ಹುಡುಗಿಗೆ ಸಂಜೆ ಹೊತ್ತು ಒಂದು ಡ್ರಿಲ್ಲಿಂಗ್ ಮೆಷಿನ್ ಮುಟ್ಟಿ ನೋಡಬೇಕೆನಿಸಿದರೆ ಹೋಗುವುದೆಲ್ಲಿಗೆ?

ಹಿಂದೆ ಇದಕ್ಕೆ ಶೆಡ್ಡುಗಳಿದ್ದವು. ಸಣ್ಣ ಹುಡುಗರು ಟೀ ತಂದುಕೊಡುತ್ತಾ, ಕಬ್ಬಿಣದ ಚೂರು ಗುಡಿಸುತ್ತಾ ಲೇತ್ ಕಲಿತರು. ಕೆಲವರು ಮುಂದೆ ಮಾಲೀಕರೂ ಆದರು. ಬೆರಳು ಕಳೆದುಕೊಂಡವರ ಲೆಕ್ಕ ಯಾರೂ ಇಡಲಿಲ್ಲ. 2016ರ ತಿದ್ದುಪಡಿಯ ನಂತರ, ಮನೆಮಂದಿಯ ಕಸುಬಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ. ದುಡಿಮೆಗೆ ಬಾಗಿಲು ಹಾಕಿದ್ದಾಯಿತು, ಕಲಿಕೆಗೆ ಬೇರೆ ಬಾಗಿಲು ತೆಗೆಯಬೇಡವೇ?

ಸರ್ಕಾರ ತೆಗೆದಿದೆ, ಸುಳ್ಳು ಹೇಳಬಾರದು. 2016ರಲ್ಲಿ ಶುರುವಾದ ನೀತಿ ಆಯೋಗದ ‘ಅಟಲ್ ಟಿಂಕರಿಂಗ್ ಲ್ಯಾಬ್’ ಯೋಜನೆ ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ. ತ್ರೀ-ಡಿ ಪ್ರಿಂಟರು, ಸೆನ್ಸಾರು, ಬೆಸುಗೆ ಹಾಕುವ ಸಲಕರಣೆ, ಎಲ್ಲ ಉಂಟು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಹಣ. ದೇಶದಲ್ಲಿ ಇಂಥ ಲ್ಯಾಬು 10 ಸಾವಿರದಷ್ಟಾಗಿವೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50 ಸಾವಿರ ಕೊಡುತ್ತೇವೆಂದು 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ.

ಅಂಗಡಿ ಲೆಕ್ಕದಲ್ಲಿ ನೋಡೋಣ. ಆರಂಭದ ನಿಯಮದಂತೆ 10 ಲಕ್ಷ ಸಾಮಾನಿಗೆ, ಉಳಿದ 10 ಲಕ್ಷ ಐದು ವರ್ಷದ ಖರ್ಚಿಗೆ. ಅಂದರೆ ತಿಂಗಳಿಗೆ 17 ಸಾವಿರಕ್ಕೂ ಕಡಿಮೆ. ಇದರಲ್ಲಿ ರಿಪೇರಿ, ಬಿಡಿಭಾಗ, ಪ್ರಿಂಟರಿನ ಪ್ಲಾಸ್ಟಿಕ್ ದಾರ ಎಲ್ಲ ಆಗಬೇಕು. ಪೂರ್ತಿ ಹೊತ್ತಿನ ಮೇಷ್ಟ್ರನ್ನು ಎಲ್ಲಿಂದ ಇಡುವುದು? ವಿಜ್ಞಾನದ ಮೇಷ್ಟ್ರಿಗೇ ಲ್ಯಾಬಿನ ಬೀಗದ ಕೈ ಕೊಟ್ಟರೆ, ನಾಲ್ಕೂವರೆಗೆ ಅವರು ಮನೆಗೆ ಹೊರಡುವುದು ನ್ಯಾಯವೇ. ಇನ್ನು ಲ್ಯಾಬು ಸಿಗದ ಶಾಲೆಯ ಮಗುವಿನ ಗತಿ? ಶಾಲೆಯ ಗೇಟಿಗೆ ಕಟ್ಟಿಹಾಕಿದರೆ ಯಾವ ಲ್ಯಾಬೂ ಬಡಾವಣೆಯದಾಗುವುದಿಲ್ಲ.

ಇದಕ್ಕೆ ದೂರ ಹುಡುಕಬೇಕಿಲ್ಲ. 2013ರಲ್ಲಿ ಹುಟ್ಟಿದ ‘ವರ್ಕ್‌ಬೆಂಚ್ ಪ್ರಾಜೆಕ್ಟ್ಸ್’ ನಮ್ಮ ಹಲಸೂರು ಮೆಟ್ರೋ ನಿಲ್ದಾಣದ ಜಾಗದಲ್ಲೇ ಎಲ್ಲರೂ ಬಳಸುವ ಕಾರ್ಯಾಗಾರ ನಡೆಸಿತು. ಮಹಾರಾಷ್ಟ್ರದ ಪಾಬಳ್ ಎಂಬ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ ಅಮೆರಿಕದ ಎಂ.ಐ.ಟಿ. ನೆರವಿನ ‘ಫ್ಯಾಬ್ ಲ್ಯಾಬ್’ 2002ರಲ್ಲೇ ಬಂತು. ಹಳ್ಳಿಯಲ್ಲಿ ಆದದ್ದು ರಾಜಾಜಿನಗರದ ಪಕ್ಕದಲ್ಲಿ ಆಗಬಾರದೇ? ನಮ್ಮ ಮಹಾಲಕ್ಷ್ಮಿ ನಿಲ್ದಾಣಕ್ಕೆ 2014ರಿಂದ ಮೆಟ್ರೋ ಓಡುತ್ತಿದೆ.

ಮೆಟ್ರೋದವರು ಬಾಡಿಗೆ ಕೇಳುತ್ತಾರೆ ಅನ್ನಿ. ಆಗ ಲೈಬ್ರರಿ ಇದೆಯಲ್ಲ! 1965ರ ಗ್ರಂಥಾಲಯ ಕಾಯ್ದೆಯಡಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಕರ ಸೇರಿಕೊಂಡೇ ಬರುತ್ತದೆ. ರಸೀದಿ ತೆಗೆದು ನೋಡಿ. ಪುಸ್ತಕದ ಕಪಾಟಿನ ಪಕ್ಕ ಒಂದು ಕೋಣೆ, ಎರಡು ಗಟ್ಟಿ ಬೆಂಚು, ವೈಸ್, ಸ್ಪ್ಯಾನರ್ ಸೆಟ್ಟು, ಮಲ್ಟಿಮೀಟರು, ಕಣ್ಣಿಗೆ ಕನ್ನಡಕ. ಶುರು ಮಾಡಲು ಇಷ್ಟು ಸಾಕು. ತ್ರೀ-ಡಿ ಪ್ರಿಂಟರು ಆಮೇಲೆ ಬರಲಿ.

ಕಷ್ಟವಿರುವುದು ಯಂತ್ರದ್ದಲ್ಲ, ಮನುಷ್ಯರದ್ದು. ಅದೂ ಇಲ್ಲಿ ಅಷ್ಟು ಕಷ್ಟವಾಗಬಾರದು. ಎಚ್.ಎಂ.ಟಿ., ಮೈಸೂರು ಲ್ಯಾಂಪ್ಸ್‌ನಂಥ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದ ಟರ್ನರುಗಳು, ಫಿಟ್ಟರುಗಳು ಈ ಕಡೆಯ ಪಾರ್ಕುಗಳಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುತ್ತಿರುತ್ತಾರೆ. ನೂಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹೇಳುವ ಜನ. ಪುಕ್ಕಟೆ ಕರೆಯಬೇಡಿ, ಮರ್ಯಾದೆಯಿಂದ ಗೌರವಧನ ಕೊಟ್ಟು ಕರೆಯಿರಿ. ಶೆಡ್ಡಿನ ಮಾಲೀಕರು ಅಲ್ಯೂಮಿನಿಯಂ ತುಂಡು, ಹಳೆ ಮೋಟಾರು ಕೊಟ್ಟಾರು.

ಹುಡುಗಿಯರಿಗೆ ಬೇರೆ ಹೊತ್ತು ಬೇಡ, ಆದರೆ ಮನೆಗೆ ಹೋಗುವ ದಾರಿಯ ಬೀದಿದೀಪ ಉರಿಯುತ್ತಿರಬೇಕು. ಫೀಸು ಇಡಬಾರದು. ಇಟ್ಟರೆ ಅದೂ ಇನ್ನೊಂದು ಟ್ಯೂಷನ್ ಆಗುತ್ತದೆ, ಲಗ್ಗೆರೆ ಕಡೆಯ ಗಾರ್ಮೆಂಟ್ಸ್ ಕೆಲಸದವರ ಮಕ್ಕಳು ಬಾಗಿಲಲ್ಲೇ ನಿಲ್ಲುತ್ತಾರೆ. ಸಂಜೆ ಐದರಿಂದ ಎಂಟರವರೆಗೆ, ಮೂರು ಗಂಟೆ, ಒಂದು ಕೋಣೆ. ಆ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಪಾಲಿಕೆಯವರೂ ಗ್ರಂಥಾಲಯ ಇಲಾಖೆಯವರೂ ಕೂತು ತೀರ್ಮಾನಿಸಲಿ.