ಮಡಗಾಸ್ಕರ್‌ಗೆ ಕೊಡುವ ಕೈ ಅಘನಾಶಿನಿಗೂ ಕೊಡಲಿ

ಆನ್‌ಲೈನ್‌ನಲ್ಲಿ ಅತ್ತರ್, ಹಿಜಾಬ್, ಖರ್ಜೂರ ತರಿಸಿಕೊಳ್ಳುವ ಮನೆಗಳಿಗೆ ಪೆಟ್ಟಿಗೆಯ ಒಳಗೆ ಈಗ ಕೆಲವೊಮ್ಮೆ ಒಂದು ಚೀಟಿಯೂ ಬರುತ್ತದೆ. ‘ನಿಮ್ಮ ಈ ಖರೀದಿಯ ಲೆಕ್ಕದಲ್ಲಿ ಮಡಗಾಸ್ಕರ್‌ನಲ್ಲಿ ಒಂದು ಗಿಡ ನೆಡಲಾಗುವುದು’ ಅಂತ. ಇದು ದೊಡ್ಡ ಕಂಪೆನಿಗಳ ಶೋಕಿ ಮಾತ್ರ ಅಲ್ಲ. ನಾಲ್ಕೈದು ಜನ ಸೇರಿ ನಡೆಸುವ ಸಣ್ಣ ವ್ಯಾಪಾರಗಳೂ ಲಾಭದ ಒಂದು ಪಾಲನ್ನು ಹೊರದೇಶದ ಕಾಡಿಗೆ ತೆಗೆದಿಡುತ್ತಿವೆ. ಜರ್ಮನಿಯಲ್ಲಿ 2009ರಲ್ಲಿ ಶುರುವಾದ ಇಕೋಸಿಯಾ ಎಂಬ ಸರ್ಚ್ ಎಂಜಿನ್ ಜಾಹೀರಾತಿನ ಆದಾಯದಿಂದಲೇ ಮರ ನೆಡಿಸುತ್ತಾ ಬಂದಿದೆ. ದುಬೈ, ಜುಬೈಲ್, ಮಸ್ಕತ್‌ನಲ್ಲಿ ಅಂಗಡಿ ಇಟ್ಟಿರುವ ನಮ್ಮ ಹುಡುಗರಿಗೂ ಇಂಥ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಹುಟ್ಟಲಿ ಎಂದೇ ನಮ್ಮ ಹಾರೈಕೆ.

ಯಾಕೆಂದರೆ ಈ ಕೆಲಸ ನಮಗೆ ಹೊಸದಾಗಿ ಯಾರೂ ಕಲಿಸಬೇಕಾದ್ದಲ್ಲ. ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ನೆಟ್ಟವನ ಹೆಸರಿಗೆ ದಾನವಾಗುತ್ತದೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮದ್ರಸದ ಮಕ್ಕಳೂ ಬಲ್ಲರು. ಹಝ್ರತ್ ಉಸ್ಮಾನ್(ರ) ಮದೀನಾದ ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಕಥೆಯನ್ನು ಉಸ್ತಾದರು ಹೇಳದ ಊರಿಲ್ಲ. ವ್ಯಾಪಾರದ ಲಾಭ ನೀರಾಗಿ, ನೆರಳಾಗಿ ಉಳಿಯುವುದಕ್ಕೆ ನಾವು ಸದಕ ಜಾರಿಯಾ ಎನ್ನುತ್ತೇವೆ. ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಅಂತ ಹೇಳುವುದುಂಟು. ಆ ವ್ಯಾಪಾರದಲ್ಲಿ ಮರದ ವ್ಯಾಪಾರವೂ ಸಣ್ಣದೇನಲ್ಲ. ಟಿಂಬರ್ ಡಿಪೊ, ಸಾಮಿಲ್ಲು, ಮರದ ಲಾರಿ ನಡೆಸಿ ಎದ್ದು ನಿಂತ ಮನೆಗಳು ನಮ್ಮಲ್ಲಿ ಉಂಟು. ಕಾಡಿನ ಸಾಲ ಅಂತ ಒಂದಿದ್ದರೆ ಅದರಲ್ಲಿ ನಮ್ಮ ಖಾತೆಯೂ ಇದೆ.

ಹೊರದೇಶದ ಕಾಡಿಗೆ ಯಾಕೆ ಕೊಡಬೇಕು ಎಂದು ಮೂಗು ಮುರಿಯುವವರಿಗೂ ಒಂದು ಮಾತು. ನಮ್ಮ ಮಲಬಾರ್ ಕರಾವಳಿಯ ಸಾಗುವಾನಿಯಿಂದಲೇ ಅರಬ್ಬರ ಹಾಯಿ ಹಡಗುಗಳು ಕಟ್ಟಲ್ಪಟ್ಟವು. ಪೂರ್ವ ಆಫ್ರಿಕಾದ ಕಾಂಡ್ಲಾ ಮರಗಳು ಅದೇ ಹಡಗುಗಳಲ್ಲಿ ಗಲ್ಫ್‌ಗೆ ಹೋಗಿ ಹಳೆಯ ಮನೆಗಳ ಮಾಡಿಗೆ ತೊಲೆಗಳಾದವು. ಕಾಡು ಕರಗುವಾಗ ಗಡಿ ನೋಡಿರಲಿಲ್ಲ. ಬೆಳೆಸುವಾಗ ಮಾತ್ರ ಗಡಿ ನೋಡುವುದು ಎಂತಕ್ಕೆ? ಹಾಗಾಗಿ ಮಡಗಾಸ್ಕರ್‌ಗೆ, ಕೀನ್ಯಾಕ್ಕೆ ಕೊಡುವವರು ಕೊಡಲಿ. ನಮ್ಮ ತಕರಾರು ದೂರದ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ.

ಒಂದು ಗಿಡಕ್ಕೆ ಇಷ್ಟು ರೂಪಾಯಿ ಅಂತ ಹಣ ಕಟ್ಟಿದ ಕೂಡಲೇ ಕಾಡು ಬೆಳೆದು ಬಿಡುವುದಿಲ್ಲ ಮಾರಾಯ್ರೇ. 2019ರ ನವೆಂಬರ್ 11ರಂದು ಟರ್ಕಿಯಲ್ಲಿ ಒಂದೇ ದಿನ 1 ಕೋಟಿ 10 ಲಕ್ಷ ಗಿಡ ನೆಟ್ಟರು. ಕೆಲವೇ ತಿಂಗಳಲ್ಲಿ ಅಲ್ಲಿನ ಅರಣ್ಯ ನೌಕರರ ಸಂಘವೊಂದು ತಾನು ನೋಡಿದ ಕಡೆಗಳಲ್ಲಿ ಶೇ. 90ರವರೆಗೂ ಗಿಡಗಳು ಸತ್ತಿವೆ ಎಂದಿತು. ಸರಕಾರ ಅದನ್ನು ಒಪ್ಪಲಿಲ್ಲ. ಯಾರ ಮಾತು ನಿಜವೋ, ನೆಟ್ಟ ದಿನದ ಫೋಟೊ ಇದ್ದಷ್ಟು ಸ್ಪಷ್ಟವಾಗಿ ಆಮೇಲಿನ ಲೆಕ್ಕ ಇರಲಿಲ್ಲ ಎಂಬುದಂತೂ ನಿಜ. ನಮ್ಮ ಪಕ್ಕದ ಶ್ರೀಲಂಕಾದ ಕಥೆ ಇನ್ನೂ ಬೇಸರದ್ದು. 2004ರ ಸುನಾಮಿಯ ನಂತರ ಅಲ್ಲಿಗೆ ಹೊರದೇಶಗಳಿಂದ ಹಣ ಹರಿದು ಬಂತು, ಕಡಲತಡಿಗೆಲ್ಲ ಕಾಂಡ್ಲಾ ನೆಟ್ಟರು. ಸಂಶೋಧಕರು ಆಮೇಲೆ ಹೋಗಿ 23 ಜಾಗಗಳನ್ನು ನೋಡಿದಾಗ 9 ಕಡೆಗಳಲ್ಲಿ ಒಂದೇ ಒಂದು ಗಿಡವೂ ಉಳಿದಿರಲಿಲ್ಲ. ನೆಡಬಾರದ ಜಾಗದಲ್ಲಿ ನೆಟ್ಟದ್ದು, ನೆಟ್ಟ ಮೇಲೆ ಆ ಕಡೆ ತಿರುಗಿ ನೋಡದ್ದು, ದನ ಮೇಯ್ದದ್ದು. ಕೊಟ್ಟವರ ನಿಯ್ಯತ್ ಶುದ್ಧವಾಗಿಯೇ ಇತ್ತು. ಹಣ ಮಾತ್ರ ಕೆಸರಿನ ಪಾಲಾಯಿತು.

ಈ ಪಾಠ ಹಿಡಿದುಕೊಂಡು ನಮ್ಮ ಹತ್ತಿರದ ಕಡಲತಡಿಯನ್ನೇ ನೋಡೋಣ. ಕುಂದಾಪುರ, ಬೈಂದೂರು ದಾಟಿದರೆ ಭಟ್ಕಳ, ಆಮೇಲೆ ಹೊನ್ನಾವರ, ಕುಮಟಾ. ಮೀನಿನ ಲಾರಿ, ಹಣ್ಣಿನ ವ್ಯಾಪಾರ, ಮದುವೆ ಸಂಬಂಧ ಅಂತ ನಮ್ಮವರು ಈ ದಾರಿ ತುಳಿಯುವುದು ಇವತ್ತಿನದಲ್ಲ. ಹೊನ್ನಾವರವಂತೂ 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದು ತಂಗಿದ ಊರು. ಅಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದವು ಎಂದು ಅವರು ಬರೆದಿಟ್ಟಿದ್ದಾರೆ. (ಈ ಮಾತು ಇವತ್ತಿನ ವಿಷಯಕ್ಕೆ ಸಂಬಂಧವಿಲ್ಲ. ಆದರೂ ಹೇಳದೆ ಇರಲಾಗದು.)

ಅದೇ ಹೊನ್ನಾವರದಲ್ಲಿ ಶರಾವತಿ, ಕುಮಟಾದ ಬಳಿ ಅಘನಾಶಿನಿ ಸಮುದ್ರ ಸೇರುತ್ತವೆ. ಎರಡೂ ಅಳಿವೆಗಳಲ್ಲಿ ಕಾಂಡ್ಲಾ ವನಗಳಿವೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದೆಂಬ ಮಾನ್ಯತೆ. ಒಂದೇ ಒಂದು ಅಣೆಕಟ್ಟು ಇಲ್ಲದೆ ಹರಿಯುವ ಹೊಳೆ ಅದು. ಕಾಂಡ್ಲಾ ಬೇರುಗಳ ಸಂದಿನಲ್ಲೇ ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುವುದು. ಮಂಗಳೂರು ಕಡೆ ನಾವು ಮರುವಾಯಿ ಎಂದು ಚಪ್ಪರಿಸುವ ಚಿಪ್ಪಿಮೀನನ್ನು ಇಲ್ಲಿನ ಸಾವಿರಾರು ಜನ, ಅದರಲ್ಲೂ ಹೆಂಗಸರು, ಇಳಿತದ ಹೊತ್ತಿನಲ್ಲಿ ಹೆಕ್ಕಿ ಜೀವನ ಮಾಡುತ್ತಾರೆ. ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿತ್ತು. ಸಿಗಡಿ ಕೃಷಿಯ ಆಸೆ ಹೊಕ್ಕ ಮೇಲೆ ಕಗ್ಗ ಮೂಲೆಗೆ ಸರಿಯಿತು. ಗಜನಿಯ ಕಟ್ಟೆಗೆ ಹೊಳೆಯ ಏಟು ಬೀಳದ ಹಾಗೆ ತಡೆಯುವುದೂ ಇದೇ ಕಾಂಡ್ಲಾ.

ಇಷ್ಟೆಲ್ಲ ಹೊತ್ತಿರುವ ಕಾಡು ಎಷ್ಟಿದೆ? 2021ರ ಭಾರತ ಅರಣ್ಯ ಸ್ಥಿತಿ ವರದಿಯಂತೆ ಇಡೀ ಕರ್ನಾಟಕದಲ್ಲಿ ಕಾಂಡ್ಲಾ ಇರುವುದು ಸುಮಾರು 13 ಚದರ ಕಿಲೋಮೀಟರ್. ಗುಜರಾತಿನಲ್ಲಿ 1,100ಕ್ಕೂ ಹೆಚ್ಚು.

ನಮ್ಮ ಮಕ್ಕಳು ಅಬುಧಾಬಿಗೆ ಹೋದಾಗ ರಜೆ ದಿನ ಜುಬೈಲ್ ದ್ವೀಪದ ಮ್ಯಾಂಗ್ರೋವ್ ಪಾರ್ಕ್‌ನ ಮರದ ಸೇತುವೆ ಮೇಲೆ ನಡೆದು ಫೋಟೊ ಕಳಿಸುತ್ತಾರೆ. ಅದು ನಮ್ಮ ಕಾಂಡ್ಲಾದ ಬಂಧುವೇ. ಮಸ್ಕತ್‌ನ ‘ಕುರುಮ್’ ಎಂಬ ಬಡಾವಣೆಗೆ ಆ ಹೆಸರು ಬಂದದ್ದೂ ಇದೇ ಮರದಿಂದ. 2030ರೊಳಗೆ 10 ಕೋಟಿ ಕಾಂಡ್ಲಾ ನೆಡುತ್ತೇವೆ ಎಂದು ಯುಎಇ 2021ರಲ್ಲಿ ಘೋಷಿಸಿತು. ಮರಳುಗಾಡಿನವರಿಗೆ ಗೊತ್ತಾದ ಬೆಲೆ ಇದು. ನಮಗೋ, ಹೊಳೆ ಬದಿಯ ಕಾಂಡ್ಲಾ ಎಂದರೆ ಸೊಳ್ಳೆ, ಕೆಸರು, ಮಣ್ಣು ತುಂಬಿಸಿ ಸೈಟ್ ಮಾಡಬಹುದಾದ ಜಾಗ! ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ. ಮಣ್ಣಿನ ಟಿಪ್ಪರ್ ಬರುವುದು ನಿಯಮ ಓದಿಕೊಂಡಲ್ಲ. ಆ ಟಿಪ್ಪರ್ ಯಾರದ್ದು ಎಂಬ ಪ್ರಶ್ನೆಯನ್ನು ನಮ್ಮ ಜಮಾಅತ್‌ಗಳ ಒಳಗೂ ಕೇಳಿಕೊಳ್ಳಬೇಕಾಗುತ್ತದೆ.

ಗುಡ್ಡದ ಕಥೆಯನ್ನು ಬಿಡುವ ಹಾಗಿಲ್ಲ. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಹೋದರು. 2024ರ ಜುಲೈ 16ರಂದು ಕುಮಟಾ ದಾಟಿದರೆ ಸಿಗುವ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಜಾರಿ ಚಹಾ ಅಂಗಡಿಯ ಕುಟುಂಬ, ಲಾರಿ ಚಾಲಕರು ಪ್ರಾಣ ಕಳೆದುಕೊಂಡರು. ಅದೇ ರಸ್ತೆಯಲ್ಲಿ ರಾತ್ರಿ ಲಾರಿ ಓಡಿಸುವ ಗಂಡ, ಮಗ ಇರುವ ಮನೆಗಳು ಈ ಪುಟ ಓದುತ್ತಿವೆ. ನಾಲ್ಕು ಗಿಡ ನೆಟ್ಟಿದ್ದರೆ ಅದು ನಿಲ್ಲುತ್ತಿತ್ತು ಎಂದು ನಾವು ಹೇಳುವುದಿಲ್ಲ. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಕಡಿದ ಮೇಲೆ ಗಿಡ ಎಂಥದು ಮಾಡೀತು? ಆದರೆ ಇನ್ನೂ ಕಡಿಯದ ಗುಡ್ಡದ ಮೇಲೆ ಬೇರು ಇಳಿಬಿಟ್ಟು ನಿಂತಿರುವ ಹಳೆ ಕಾಡು ಉಳಿಯಬೇಕೆಂದು ಕೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹೊಸ ಗಿಡಕ್ಕಿಂತ ನಿಂತ ಮರ ಮೊದಲು ಎಂಬುದು ಈ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಹಳ್ಳಿಯವರು ಮರ ತಬ್ಬಿ ನಿಂತ ಅಪ್ಪಿಕೋ ಚಳವಳಿಯ ಘೋಷಣೆಯಲ್ಲಿ ‘ಉಳಿಸು’ ಮೊದಲು, ‘ಬೆಳೆಸು’ ಆಮೇಲೆ, ‘ಬಳಸು’ ಕೊನೆಗೆ. ಬೆಳೆಸುವುದಕ್ಕೂ ವಿವೇಕ ಬೇಕು. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾ ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಲೆಕ್ಕಕ್ಕೆ ಮರವೇ. ಅದರಲ್ಲಿ ಹಕ್ಕಿಗೆ ತಿನ್ನಲು ಹಣ್ಣಿಲ್ಲ. ನಾವು ಹೇಳುವ ಸದಕದ ಲೆಕ್ಕಕ್ಕೆ ಅದು ಹೇಗೆ ಬರಬೇಕು?

2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದವರ ಸಾಲಿನಲ್ಲಿ ನಮ್ಮ ಹರೇಕಳ ಹಾಜಬ್ಬರಿದ್ದರು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರೂ ಇದ್ದರು. ಹಾಜಬ್ಬ ಬುಟ್ಟಿಯಲ್ಲಿ ಕಿತ್ತಳೆ ಮಾರಿದ ಹಣದಿಂದ ನ್ಯೂಪಡ್ಪುವಿನಲ್ಲಿ ಶಾಲೆ ಎಬ್ಬಿಸಿದವರು. ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡುತ್ತಾ, ಯಾವ ತಾಯಿಮರದ ಬೀಜ ಯಾವಾಗ ಹೆಕ್ಕಬೇಕೆಂದು ಕಂಡುಕೊಂಡು ಸಾವಿರಾರು ಗಿಡ ಬೆಳೆಸಿದವರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಒಬ್ಬರಲ್ಲಿ ಸಣ್ಣ ವ್ಯಾಪಾರದ ಹಣ, ಇನ್ನೊಬ್ಬರಲ್ಲಿ ಗಿಡದ ಅರಿವು. ನಮ್ಮಲ್ಲಿ ಮೊದಲನೆಯದು ಇದೆ. ಎರಡನೆಯದು ಭಟ್ಕಳದಿಂದ ಕುಮಟಾದವರೆಗಿನ ಹಾಲಕ್ಕಿಗಳು, ಅಂಬಿಗರು, ಖಾರ್ವಿಗಳು, ದಾಲ್ಜಿಗಳಲ್ಲಿ ಇದೆ. ಅವರನ್ನು ಕೇಳದೆ ನೆಡಲು ಹೋದರೆ ಶ್ರೀಲಂಕಾದ ಕಥೆಯೇ ಆದೀತು.

ಉದಾಹರಣೆಗೆ, ಅಳಿವೆಯಲ್ಲಿ ಖಾಲಿ ಕಂಡ ಜಾಗಕ್ಕೆಲ್ಲ ಕಾಂಡ್ಲಾ ಊರುವುದು ಪುಣ್ಯದ ಕೆಲಸವಲ್ಲ. ಚಿಪ್ಪಿ ಹೆಕ್ಕುವ ಮರಳು ದಿಬ್ಬದ ಮೇಲೆ ನೆಟ್ಟರೆ ಆ ಹೆಂಗಸರ ಅನ್ನಕ್ಕೆ ಮಣ್ಣು ಹಾಕಿದ ಹಾಗೆ. ಭರತ ಎಷ್ಟು ಹೊತ್ತು ನಿಲ್ಲುತ್ತದೆ, ಕೆಸರು ಎಷ್ಟು ಆಳ ಎಂದು ನೋಡಿಯೇ ಜಾಗ ಆರಿಸಬೇಕು. ಕಾಂಡ್ಲಾದ ಒಂದು ಜಾತಿಯ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ನೇತಾಡುತ್ತದೆ. ಬಲಿತ ಮೇಲೆ ಹೆಕ್ಕಿ ನೇರ ಕೆಸರಿಗೆ ಊರಿದರೆ ಸಾಕು, ನರ್ಸರಿಯ ಖರ್ಚೂ ಇಲ್ಲ. ಖರ್ಚು ಇರುವುದು ಆಮೇಲೆ: ದನ ಬಾರದಂತೆ ಕಾಯಲು, ಬಲೆಯ ಚೂರು, ಪ್ಲಾಸ್ಟಿಕ್ ತೆಗೆಯಲು, ಸತ್ತ ಜಾಗಕ್ಕೆ ಮತ್ತೆ ಊರಲು. ಕಡಿಮೆಯೆಂದರೂ ಮೂರು ಮಳೆಗಾಲದ ಕೂಲಿ.

ಅದಕ್ಕೇ ಅಂಗಡಿ ಇಟ್ಟವರಲ್ಲಿ ನಮ್ಮ ಕೋರಿಕೆ ಇದು. ಗಿಡಕ್ಕೆ ಕೊಡಬೇಡಿ, ಕಾಯುವವರ ಕೂಲಿಗೆ ಕೊಡಿ. ಹತ್ತು ಅಂಗಡಿ ಸೇರಿ ಒಂದು ಜಾಗ ಹಿಡಿಯಿರಿ, ಮೂರು ವರ್ಷಕ್ಕೆ. ಕೂಲಿ ಆ ಊರಿನ ಹೆಂಗಸರಿಗೇ ಹೋಗಲಿ, ಅವರು ಯಾವ ಜಾತಿ ಧರ್ಮದವರೇ ಆಗಿರಲಿ. ಪ್ರತಿ ವರ್ಷ ಬದುಕಿದ ಗಿಡ ಎಷ್ಟು, ಸತ್ತದ್ದು ಎಷ್ಟು ಎಂಬ ಲೆಕ್ಕವನ್ನು ಮಸೀದಿಯ ನೋಟಿಸ್ ಬೋರ್ಡಿಗೆ ಹಾಕಿ. ಸತ್ತದ್ದನ್ನು ಬರೆಯಲು ನಾಚಬೇಡಿ. ನೆಟ್ಟ ದಿನ ಬ್ಯಾನರ್ ಹಿಡಿದು ಫೋಟೊ ತೆಗೆಸದಿದ್ದರೆ ಇನ್ನೂ ಒಳ್ಳೆಯದು. ರಿಯಾ ಏನೆಂದು ನಾವು ಹೇಳಿಕೊಡಬೇಕಾಗಿಲ್ಲ. ಹೊರದೇಶದ ಯೋಜನೆಗೆ ಕೊಡುತ್ತಿರುವವರು ಅಲ್ಲಿಯೂ ಇದೇ ಪ್ರಶ್ನೆ ಕೇಳಲಿ: ಮೂರನೇ ವರ್ಷ ಎಷ್ಟು ಬದುಕಿವೆ? ಉತ್ತರ ಕೊಡದವರಿಗೆ ಕೊಡುವುದು ಬೇಡ. ಇದಕ್ಕೆ ಝಕಾತ್‌ನ ಹಣವನ್ನು ಮಾತ್ರ ಮುಟ್ಟಬೇಡಿ. ಝಕಾತ್‌ಗೆ ಹಕ್ಕುದಾರರಾದ ಎಂಟು ವಿಭಾಗಗಳನ್ನು ಕುರ್‌ಆನ್ ಹೇಳಿಯಾಗಿದೆ. ನಾವು ಹೇಳುತ್ತಿರುವುದು ಸದಕದ ಮಾತು.

ಜಾಗ ಸರಕಾರದ್ದು, ಅನುಮತಿ ಬೇಕೇ ಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಹೊನ್ನಾವರ ಅರಣ್ಯ ವಿಭಾಗಕ್ಕೆ ಸೇರುತ್ತವೆ. ಕಾಂಡ್ಲಾ ಬೆಳೆಸಲೆಂದೇ ಕೇಂದ್ರ ಸರಕಾರ 2023ರಲ್ಲಿ ‘ಮಿಷ್ಟಿ’ ಎಂಬ ಯೋಜನೆಯನ್ನೂ ತಂದಿದೆ. ಮಳೆಗಾಲ ಶುರುವಾದ ಮೇಲೆ ಕಚೇರಿಯ ಮೆಟ್ಟಿಲು ಹತ್ತಿದರೆ ಆ ವರ್ಷ ಹೋದ ಹಾಗೆಯೇ. ಬೇಸಿಗೆಯಲ್ಲೇ ಜಮಾಅತ್ ಕಮಿಟಿಯ ಇಬ್ಬರು, ಊರಿನ ಮೀನುಗಾರರ ಇಬ್ಬರು ಒಟ್ಟಿಗೆ ಹೋಗಿ ವಲಯ ಅರಣ್ಯಾಧಿಕಾರಿಯನ್ನು ಕಂಡು, ಇಳಿತದ ಹೊತ್ತಿಗೆ ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸಲಿ.