ಕಾಲಜ್ಞಾನವಲ್ಲ, ಎಚ್ಚರಿಕೆ

ಆದರ್ಶ ರಾಜ್ಯದ ಕಲ್ಪನೆಯನ್ನು ತಲೆಕೆಳಗು ಮಾಡಿ, ಆಳುವವರ ಹಿಡಿತದಲ್ಲಿ ಬದುಕೇ ನರಕವಾದ ಸಮಾಜವೊಂದನ್ನು ಚಿತ್ರಿಸುವ ಕಥನಕ್ಕೆ ‘ಡಿಸ್ಟೋಪಿಯಾ’ ಎಂದು ಹೆಸರು. ಕೊಡೇಕಲ್ ಬಸವಣ್ಣನ ಕಾಲಜ್ಞಾನದ ವಚನಗಳಲ್ಲಿ ಯಾವುದು ನಿಜವಾಯಿತು, ಯಾವುದು ಇನ್ನೂ ಆಗಬೇಕಿದೆ ಎಂದು ಹುಡುಕುವವರ ಹಾಗೆ, ಅಂಥದೇ ಕಥನವಾದ, ಗೋಡೆಯ ಮೇಲಿನ ಪರದೆಗಳು ಜನರ ಮೇಲೆ ನಿಗಾ ಇಡುವ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯಲ್ಲೂ ಫಲಿಸಿದ ಭವಿಷ್ಯವನ್ನು ಲೆಕ್ಕ ಹಾಕುವ ಓದುಗರಿದ್ದಾರೆ. ಅಮೆರಿಕ ಸರ್ಕಾರವು ಜನರ ಫೋನ್ ಕರೆಗಳ ವಿವರಗಳನ್ನು ಸಂಗ್ರಹಿಸುತ್ತಿದ್ದುದನ್ನು ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದ ಕೂಡಲೇ ಈ ಪುಸ್ತಕದ ಮಾರಾಟ ಏರಿದ್ದರ ಹಿಂದೆಯೂ ಈ ಓದಿನ ನೆರಳಿದೆ.

ಆದರೆ 1949ರಲ್ಲಿ ಪ್ರಕಟವಾದ ಈ ಕಾದಂಬರಿಯ ಸಾಮಗ್ರಿಯೆಲ್ಲ ಲೇಖಕನ ಕಾಲದ್ದೇ ಆಗಿತ್ತು. ಎರಡನೆಯ ಮಹಾಯುದ್ಧದ ವೇಳೆ ಬಿಬಿಸಿಯಲ್ಲಿ ದುಡಿದ ಆರ್ವೆಲ್, ಪ್ರಚಾರವೆಂಬುದು ತಯಾರಾಗುವ ಬಗೆಯನ್ನು ಒಳಗಿನಿಂದ ಕಂಡಿದ್ದನು. ಕಾದಂಬರಿಯಲ್ಲಿ ಸುಳ್ಳನ್ನೇ ಉತ್ಪಾದಿಸುವ ‘ಸತ್ಯ ಸಚಿವಾಲಯ’ದ ಕಟ್ಟಡಕ್ಕೆ, ಆಗ ಬ್ರಿಟನ್ನಿನ ಮಾಹಿತಿ ಸಚಿವಾಲಯವಿದ್ದ ಲಂಡನ್ನಿನ ಸೆನೆಟ್ ಹೌಸ್ ಮಾದರಿಯಾಯಿತು. ಕಥಾನಾಯಕ ವಿನ್‌ಸ್ಟನ್ ಹಳೆಯ ಪತ್ರಿಕೆಗಳನ್ನು ತಿದ್ದಿ, ಅಧಿಕಾರಕ್ಕೆ ಬೇಡವಾದವರನ್ನು ದಾಖಲೆಯಿಂದಲೇ ಅಳಿಸುತ್ತಾನೆ. ಇದೂ ಬರಿಯ ಕಲ್ಪನೆಯಲ್ಲ: ಸೋವಿಯತ್ ಒಕ್ಕೂಟದಲ್ಲಿ ಗುಪ್ತ ಪೊಲೀಸ್ ಮುಖ್ಯಸ್ಥನಾಗಿದ್ದ ನಿಕೊಲಾಯ್ ಯೆಜೋವ್‌ನನ್ನು 1940ರಲ್ಲಿ ಕೊಂದ ಮೇಲೆ, ಸ್ಟಾಲಿನ್ ಪಕ್ಕದಲ್ಲಿ ಅವನು ನಿಂತಿದ್ದ ಛಾಯಾಚಿತ್ರದಿಂದಲೂ ಅವನನ್ನು ಅಳಿಸಿ ಹಾಕಲಾಗಿತ್ತು. ಮಾರ್ಗರೆಟ್ ಆಟ್‌ವುಡ್ ಕೂಡ, 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ನಲ್ಲಿ ಇತಿಹಾಸದಲ್ಲಿ ಎಲ್ಲಿಯೂ ನಡೆಯದ ಸಂಗತಿಯನ್ನು ಸೇರಿಸಿಲ್ಲವೆಂದು ಹೇಳಿದ್ದಾರೆ. ಹೆಣ್ಣಿನ ಗರ್ಭವನ್ನು ಪ್ರಭುತ್ವದ ಸೊತ್ತೆಂದು ಕಾಣುವ ಅಲ್ಲಿನ ಆಡಳಿತದ ಹಿಂದೆ, ಜನಸಂಖ್ಯೆ ಹೆಚ್ಚಿಸಲು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ ರೊಮೇನಿಯಾ ಇದೆ.

ಹಾಗಾದರೆ ಈ ಕೃತಿಗಳಿಗೆ ನಾಳಿನ ಗೊಡವೆಯೇ ಇಲ್ಲವೆ? ಇದೆ, ಆದರೆ ಜ್ಯೋತಿಷಿಗಿರುವ ಗೊಡವೆ ಅದಲ್ಲ. ಇಂಥ ಸಮಾಜ ಬಂದೇ ಬರುತ್ತದೆಂದು ತಾನು ನಂಬುವುದಿಲ್ಲ, ಇದನ್ನು ಹೋಲುವಂಥದ್ದು ಬರಬಹುದು ಎಂದು ಆರ್ವೆಲ್ ತಾನೇ ಸ್ಪಷ್ಟಪಡಿಸಿದ್ದನು. ಕನ್ನಡ ವ್ಯಾಕರಣದಲ್ಲಿ ಈ ಭೇದಕ್ಕೆ ಸಿದ್ಧ ರೂಪಗಳೇ ಇವೆ: ‘ಬೀಳುವೆ’ ಎಂಬುದು ಭವಿಷ್ಯತ್ ಕಾಲವಾದರೆ, ‘ಬಿದ್ದೀಯೆ’ ಎಂಬುದು ಆಗಬಹುದಾದುದನ್ನು ಸೂಚಿಸುವ ಸಂಭಾವನಾರ್ಥಕ ರೂಪ. ಜಾರುವ ಮೆಟ್ಟಿಲಿನ ಮೇಲೆ ನಿಂತ ಮಗುವಿಗೆ ಅಜ್ಜಿ ‘ಬಿದ್ದೀಯೆ, ಜೋಕೆ’ ಎಂದಾಗ, ಮಗು ಬೀಳದೆ ಇಳಿದು ಬಂದರೆ ಅಜ್ಜಿಯ ಮಾತು ಸುಳ್ಳಾಯಿತೆಂದು ಯಾರೂ ಹೇಳುವುದಿಲ್ಲ.

ಭವಿಷ್ಯವಾಣಿಯೆಂದು ಓದಿದವನಿಗೆ, ಗೋಡೆಯ ಮೇಲೆ ನಿಗಾ ಇಡುವ ಪರದೆ ಕಾಣದಿದ್ದರೆ ನೆಮ್ಮದಿ, ಕಂಡರೆ ವಿಧಿಯೆಂಬ ಕೈಚೆಲ್ಲುವಿಕೆ. ಎರಡರಲ್ಲೂ ಅವನು ಮಾಡಬೇಕಾದುದು ಏನೂ ಉಳಿಯುವುದಿಲ್ಲ. ಎಚ್ಚರಿಕೆಯೆಂದು ಓದುವವನ ಕಣ್ಣು ಬೇರೆ ಕಡೆ ನಿಲ್ಲುತ್ತದೆ. ‘1984’ರಲ್ಲಿ ಚಾಕೊಲೇಟಿನ ಪಡಿತರವನ್ನು ವಾರಕ್ಕೆ 30 ಗ್ರಾಂನಿಂದ 20ಕ್ಕೆ ಇಳಿಸಿ, ಮರುದಿನವೇ 20ಕ್ಕೆ ಏರಿಸಲಾಗಿದೆಯೆಂದು ಸಾರಿದಾಗ ಜನ ಕೃತಜ್ಞತೆಯ ಮೆರವಣಿಗೆ ಹೊರಡುತ್ತಾರೆ. ಆ ಪುಟದಲ್ಲಿ ಓದುಗ ಕೇಳಿಕೊಳ್ಳಬೇಕಾದುದು, ಇದು ಯಾವ ದೇಶದಲ್ಲಿ ಯಾವಾಗ ನಿಜವಾದೀತು ಎಂದಲ್ಲ. ನಿನ್ನೆಯ ಅಂಕಿ ಎಷ್ಟಿತ್ತೆಂಬುದು ತನಗೆ ನೆನಪಿದೆಯೆ ಎಂದು.